ನಕ್ಷತ್ರ ಗೆಲ್ಲುವವರಿಗೆ ಹೂಳೆತ್ತಲು ಬರುತ್ತದೆಯೇ?

ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳಿಗೆಲ್ಲ ಒಂದೇ ಜಾಡು. ಕೈಯಲ್ಲಿ ಒಂದು ಗ್ರಹ, ಒಂದೆರಡು ನೌಕೆ, ಸುತ್ತಲೂ ಕತ್ತಲು. ಹುಡುಕಬೇಕು, ಹರಡಬೇಕು, ಸಿಕ್ಕಿದ್ದನ್ನು ದುಡಿಸಿಕೊಳ್ಳಬೇಕು, ಎದುರು ಬಂದವರನ್ನು ಅಳಿಸಬೇಕು. 1993ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಆಟದ ಬಗ್ಗೆ ಬರೆಯುವಾಗ ಆಲನ್ ಎಮ್ರಿಚ್ ಎಂಬ ಅಮೆರಿಕನ್ ಲೇಖಕ ಈ ನಾಲ್ಕು ಕೆಲಸಗಳನ್ನು ಸೇರಿಸಿ ‘ಫೋರ್ ಎಕ್ಸ್’ ಎಂದು ಕರೆದ. ಆ ಹೆಸರು ಇಡೀ ಪ್ರಕಾರಕ್ಕೇ ಅಂಟಿಕೊಂಡಿತು. ಮೂವತ್ತು ವರ್ಷಗಳಲ್ಲಿ ಚಿತ್ರ, ಸಂಗೀತ, ಗಾತ್ರ ಎಲ್ಲವೂ ಬದಲಾಗಿವೆ. ಆ ನಾಲ್ಕು ಕ್ರಿಯಾಪದಗಳು ಮಾತ್ರ ಹಾಗೇ ಇವೆ. ಅವುಗಳಲ್ಲಿ ‘ಉಳಿಸಿಕೊಳ್ಳು’ ಎಂಬುದು ಇಲ್ಲ. ನನ್ನ ತಕರಾರು ಇರುವುದು ಇಲ್ಲೇ. ಗೆಲ್ಲುವ ಲೆಕ್ಕವನ್ನಷ್ಟೇ ಇಟ್ಟ ಬ್ರಹ್ಮಾಂಡ ಎಷ್ಟೇ ದೊಡ್ಡದಾದರೂ ಒಳಗೆ ಪೊಳ್ಳು. ಉಳಿಸಿಕೊಳ್ಳುವ ಲೆಕ್ಕವನ್ನೂ ಇಟ್ಟದ್ದು ಚಿಕ್ಕದಾಗಿದ್ದರೂ ನಂಬಲರ್ಹ. ಆಟಕ್ಕೂ, ವೈಜ್ಞಾನಿಕ ಕಾದಂಬರಿಗೂ ಈ ಮಾತು ಸಲ್ಲುತ್ತದೆ. ಇದಕ್ಕೆ ಬೇಕಾದ ಸಾಕ್ಷ್ಯ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಡುವಿನ ಐವತ್ತು ಅರವತ್ತು ಕಿಲೋಮೀಟರಿನಲ್ಲಿ ಧಾರಾಳವಾಗಿ ಬಿದ್ದಿದೆ.

ಈ ಊರುಗಳಿಗೂ ಆ ಆಟಗಳಿಗೂ ಈಗಾಗಲೇ ಒಂದು ನಂಟಿದೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರಲ್ಲಿ ‘ಸ್ಟೆಲಾರಿಸ್’ ಎಂಬ ಬಾಹ್ಯಾಕಾಶದ ಆಟವನ್ನು ತಂದಿತು. ಅದಕ್ಕೆ ಮೂರು ವರ್ಷ ಮುಂಚೆ ಅದೇ ಸಂಸ್ಥೆ ತಂದ ‘ಯುರೋಪಾ ಯೂನಿವರ್ಸಾಲಿಸ್ 4’ರಲ್ಲಿ ಆಟಗಾರ ವಿಜಯನಗರವನ್ನೇ ಆರಿಸಿಕೊಂಡು ಆಳಬಹುದು. ಆ ಆಟದ ಮೊದಲ ದಿನ 1444ರ ನವೆಂಬರ್ 11. ಸಿಂಹಾಸನದ ಮೇಲೆ ಎರಡನೇ ದೇವರಾಯನಿದ್ದ ಕಾಲ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹಂಪಿಯನ್ನು ನೋಡಿ ಹೋಗಿ ಆಗಿನ್ನೂ ಒಂದು ವರ್ಷ. ಆತ ಏಳು ಸುತ್ತಿನ ಕೋಟೆಯನ್ನು ವರ್ಣಿಸಿದ್ದಾನೆ. ಓದುಗರೆಲ್ಲ ನೆನಪಿಟ್ಟುಕೊಳ್ಳುವುದು ಆ ಏಳನ್ನು. ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವು ಎಂದೂ ಆತ ಬರೆದಿದ್ದಾನೆ. ತಂತ್ರಗಾರಿಕೆಯ ದೃಷ್ಟಿಯಿಂದ ನನಗೆ ಹೆಚ್ಚು ಬೆಲೆಯುಳ್ಳದ್ದು ಈ ಮಾತು. ಕೋಟೆ ಕಾಯುತ್ತಿದ್ದುದು ಅರಮನೆಯನ್ನಷ್ಟೇ ಅಲ್ಲ, ಅನ್ನವನ್ನೂ. ಆಟದ ನಕ್ಷೆಯಲ್ಲಿ ಇದೇ ನಾಡಿಗೆ ತೆರಿಗೆ, ಉತ್ಪಾದನೆ, ಸೈನ್ಯ ಎಂಬ ಮೂರು ಅಂಕಿಗಳಿವೆ. ಹಣ ಸುರಿದರೆ ಬಂದರು, ಕೋಟೆ, ಕಾರ್ಯಾಗಾರ ಏಳುತ್ತವೆ. ಎದ್ದ ಮೇಲೆ ಅವು ಹಾಳಾಗುವುದಿಲ್ಲ. ನದಿ ನಕ್ಷೆಯ ಮೇಲಿನ ನೀಲಿ ಗೆರೆ, ಅಷ್ಟೇ. ತುಂಗಭದ್ರೆಯನ್ನು ಗೆರೆಯಾಗಿ ಕಂಡವನಿಗೆ ವಿಜಯನಗರ ಅರ್ಥವಾಗುವುದು ಕಷ್ಟ.

ಏಕೆಂದರೆ ಹಂಪಿಯ ಸೀಮೆ ಮಳೆ ಕಡಿಮೆಯ ಬಂಡೆಗಲ್ಲಿನ ಸೀಮೆ. ಅಲ್ಲಿ ರಾಜಧಾನಿ ಕಟ್ಟಿದವರಿಗೆ ನೀರಿನ ಶಾಸ್ತ್ರ ಯುದ್ಧಶಾಸ್ತ್ರದಷ್ಟೇ ಅಗತ್ಯವಾಗಿತ್ತು. ಬುಕ್ಕರಾಯನ ಮಗ ಭಾಸ್ಕರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವನ್ನು ಆಟ ಕಟ್ಟುವ ಪ್ರತಿಯೊಬ್ಬರೂ ಓದಬೇಕು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಕಟ್ಟೆಯಿಂದ ನೀರು ಜಿನುಗುವುದು ಒಂದು ದೋಷ, ಚೌಳು ಮಣ್ಣು ಇನ್ನೊಂದು. ನೀರು ಕಡಿಮೆಯಿದ್ದು ಉಣಿಸಬೇಕಾದ ನೆಲ ಹೆಚ್ಚಿರುವುದೂ ದೋಷವೇ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದನ್ನೂ ಈ ಸಾಲಿಗೇ ಸೇರಿಸಿದ್ದಾರೆ. ಮಣ್ಣಿನ ಗುಣವನ್ನೂ ರಾಜಕೀಯವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ತೂಗಿದ ಈ ಬುದ್ಧಿ ನಾನು ಬಲ್ಲ ಯಾವ ಆಟದ ‘ಟೆಕ್ ಟ್ರೀ’ಯಲ್ಲೂ ಇಲ್ಲ. ಇನ್ನು ಕಟ್ಟಿದ ಮೇಲಿನ ಮಾತು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಅದರ ದುರಸ್ತಿ ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಹುಟ್ಟುವಳಿಯ ಪಾಲು ಅದು. ಅಂದರೆ ಹೂಳೆತ್ತುವವನ ಊಟಕ್ಕೆ ಏರ್ಪಾಡು ಮಾಡದೆ ಕೆರೆ ಪೂರ್ತಿಯಾಯಿತೆಂದು ನಮ್ಮ ಹಿರಿಯರು ಹೇಳುತ್ತಿರಲಿಲ್ಲ. ಆದರೂ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದಿಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೋ ಪೇಸ್, ಅದರ ಕಟ್ಟೆ ಎರಡು ಮೂರು ಸಲ ಒಡೆದುಹೋದದ್ದನ್ನೂ ದಾಖಲಿಸಿದ್ದಾನೆ. ದಕ್ಷಿಣದ ಬಹುಭಾಗವನ್ನು ಆಳಿದ ರಾಯನಿಗೂ ಕೆರೆಯ ಕಟ್ಟೆ ಮೊದಲ ಸಲಕ್ಕೇ ಮಣಿಯಲಿಲ್ಲ.

ಇದನ್ನು ಓದಿದ ಅಭಿಮಾನಿ ಮಿತ್ರರು ಹೇಳಬಹುದು: ಆಟಗಳಲ್ಲೂ ನಿರ್ವಹಣಾ ವೆಚ್ಚ ಇದೆಯಲ್ಲ, ಪ್ರತಿ ನೌಕೆಗೂ ಕಟ್ಟಡಕ್ಕೂ ತಿಂಗಳು ತಿಂಗಳು ಶಕ್ತಿಯೋ ಲೋಹವೋ ಕಡಿತವಾಗುತ್ತದಲ್ಲ? ನಿಜ. ಆದರೆ ಕಡಿತವಾಗುವ ಅಂಕಿಯೇ ಬೇರೆ, ಸವೆಯುವ ವಸ್ತುವೇ ಬೇರೆ. ಮೊದಲ ‘ಮಾಸ್ಟರ್ ಆಫ್ ಓರಿಯನ್’ ಈ ವ್ಯತ್ಯಾಸ ಬಲ್ಲದು. ಅಲ್ಲಿ ಪ್ರತಿ ಗ್ರಹದ ಆದಾಯದಲ್ಲಿ ಒಂದು ಪಾಲನ್ನು ಕಾರ್ಖಾನೆಗಳ ಕೊಳೆ ತೊಳೆಯಲು ತೆಗೆದಿಡಬೇಕು. ತೆಗೆದಿಡದಿದ್ದರೆ ಆ ಗ್ರಹದಲ್ಲಿ ಜನ ಬಾಳುವ ಜಾಗವೇ ಕುಗ್ಗುತ್ತದೆ. ಪ್ರಕಾರಕ್ಕೆ ಹೆಸರು ತಂದುಕೊಟ್ಟ ಆಟದಲ್ಲೇ ಇದ್ದ ಈ ವಿವೇಕ ಮುಂದಿನವುಗಳಲ್ಲಿ ತೆಳುವಾಯಿತು. ನಾನು ಮೆಚ್ಚುವ ‘ಸ್ಟೆಲಾರಿಸ್’ನಲ್ಲೇ ನೋಡಿ: 2200ನೇ ಇಸವಿಯಲ್ಲಿ ಒಂದು ಕ್ಷುದ್ರಗ್ರಹದ ಮೇಲೆ ಗಣಿ ನಿಲ್ದಾಣ ಕಟ್ಟಿದರೆ ಮೂರು ಶತಮಾನ ಕಳೆದರೂ ತಿಂಗಳಿಗೆ ಅಷ್ಟೇ ಖನಿಜ ಬರುತ್ತಿರುತ್ತದೆ. ಅದಿರು ಮುಗಿಯುವುದಿಲ್ಲ, ಗುಡ್ಡ ಕರಗುವುದಿಲ್ಲ, ದೂಳು ಏಳುವುದಿಲ್ಲ.

ಸಂಡೂರಿನಲ್ಲಿ ಇದೆಲ್ಲ ಆಗುತ್ತದೆ. ಬೆಟ್ಟಗಳ ನಡುವಿನ ಆ ಕಣಿವೆ, ಅದರೊಳಕ್ಕೆ ದಾರಿ ಬಿಡುವ ಭೀಮಗಂಡಿ, ಓಬಳಗಂಡಿಗಳು, 1949ರವರೆಗೆ ಆಳಿದ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ, ಇವೆಲ್ಲ ಯಾವ ಬಾಹ್ಯಾಕಾಶ ಕಾದಂಬರಿಗೂ ಒಪ್ಪುವ ಗ್ರಹದಂತಿವೆ. ಆ ಗ್ರಹದ ಮೇಲೆ ಲೋಕದ ಕಣ್ಣು ಬಿದ್ದದ್ದು ಕಬ್ಬಿಣ, ಮ್ಯಾಂಗನೀಸುಗಳಿಂದ. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1977ರಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ ಶುರುವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆ ಉಕ್ಕಿದಾಗ ನಡೆದದ್ದಂತೂ ‘ಹರಡು, ದುಡಿಸಿಕೊ’ ಎಂಬ ಸೂತ್ರದ ಅಕ್ಷರಶಃ ಪಾಲನೆ. ಗಣಿ ಗುತ್ತಿಗೆಯ ಗಡಿಗಲ್ಲುಗಳು ಜರುಗಿದವು, ಅದಿರಿನ ಲಾರಿಗಳ ಸಾಲಿನಡಿ ರಸ್ತೆಗಳು ಪುಡಿಯಾದವು, ಹೊಲದ ಬೆಳೆಯ ಮೇಲೆ ಕೆಂಪು ದೂಳು ಕೂತಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಹೊರಬಿದ್ದದ್ದು 2011ರ ಜುಲೈನಲ್ಲಿ; ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಬಂದ ವ್ಯವಸ್ಥೆಯೇ ಆಟದ ದೃಷ್ಟಿಯಿಂದ ಕುತೂಹಲದ್ದು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು, ಸಿ ವರ್ಗದವನ್ನು ರದ್ದು ಮಾಡಿದರು, ಉಳಿದವುಗಳಿಗೆ ಪುನಶ್ಚೇತನದ ಯೋಜನೆ ಕಡ್ಡಾಯ ಮಾಡಿದರು. ಇಡೀ ಜಿಲ್ಲೆ ವರ್ಷಕ್ಕೆ ಇಷ್ಟೇ ತೆಗೆಯಬೇಕೆಂದು ಮಿತಿ ಹಾಕಿದರು. ಮೊದಲಿಗೆ ಆ ಮಿತಿ 2.5 ಕೋಟಿ ಟನ್. ನೆಲ ಎಷ್ಟನ್ನು ತಾಳಿಕೊಂಡೀತು ಎಂದು ಲೆಕ್ಕ ಹಾಕಿ, ಆ ಅಂಕಿಗೆ ಆಟಗಾರರೆಲ್ಲರೂ ತಲೆಬಾಗುವಂತೆ ಮಾಡಿದ ನಿಯಮ ಅದು. ಇಂಥ ನಿಯಮವಿರುವ ಒಂದು ಗೆಲಾಕ್ಸಿಯನ್ನು ಊಹಿಸಿಕೊಳ್ಳಿ: ಖನಿಜಕ್ಕಾಗಿ ಹಣಾಹಣಿಯಷ್ಟೇ ಅಲ್ಲ, ಮಿತಿಯಲ್ಲಿ ಯಾರ ಪಾಲು ಎಷ್ಟೆಂಬ ವ್ಯಾಜ್ಯ, ಮಿತಿ ಮೀರಿದವನನ್ನು ಹಿಡಿಯುವ ಪತ್ತೇದಾರಿ, ಕಾನೂನಿನ ಜಾಣ್ಮೆ ಎಲ್ಲವೂ ಆಟದೊಳಕ್ಕೆ ಬರುತ್ತವೆ. ಫ್ರಾಂಕ್ ಹರ್ಬರ್ಟನ ‘ಡ್ಯೂನ್’ 1965ರಿಂದ ಇವತ್ತಿನವರೆಗೆ ಹಳತಾಗದೆ ಉಳಿದಿರುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ. ಸಾಮ್ರಾಜ್ಯದ ಮನೆತನಗಳೆಲ್ಲ ಕಾದಾಡುವ ಮಸಾಲೆ ಒಂದೇ ಗ್ರಹದ್ದು. ಆ ಗ್ರಹದಲ್ಲಿ ಹನಿ ನೀರಿಗೂ ಲೆಕ್ಕ. ಆ ಲೆಕ್ಕ ಬಲ್ಲವರೇ ಕೊನೆಗೆ ಮೇಲುಗೈ ಸಾಧಿಸುತ್ತಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆಟ ಆಡುವುದು ಖುಷಿಗಾಗಿ. ಹೂಳು, ತುಕ್ಕು, ಬಾಕಿ ಬಿಲ್ಲುಗಳನ್ನು ನೋಡಿಕೊಳ್ಳಲು ಮನೆ, ಕಚೇರಿ ಸಾಲದೇ? ಈ ಮಾತಿನಲ್ಲಿ ಹುರುಳಿದೆ. ಪ್ರತಿ ಕೊಳಾಯಿಯ ಸೋರಿಕೆಯನ್ನೂ ಆಟಗಾರನೇ ಕಟ್ಟಬೇಕೆಂದರೆ ಯಾರೂ ಆಡಲಾರರು. ಆದರೆ ಉಳಿಸಿಕೊಳ್ಳುವ ಕೆಲಸದಲ್ಲಿ ರೋಚಕತೆಯಿಲ್ಲ ಎನ್ನುವುದು ಸುಳ್ಳು. ‘ಈವ್ ಆನ್‌ಲೈನ್’ ಎಂಬ ಐಸ್‌ಲ್ಯಾಂಡಿನ ಆಟದ ಚರಿತ್ರೆಯಲ್ಲಿ ಅತಿ ಹೆಸರಾದ ಕದನಗಳಲ್ಲೊಂದು 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ತಾರಾಮಂಡಲದಲ್ಲಿ ನಡೆಯಿತು. ಏಳೂವರೆ ಸಾವಿರಕ್ಕೂ ಹೆಚ್ಚು ಆಟಗಾರರು, ಸುಮಾರು 21 ಗಂಟೆಗಳ ಕಾಳಗ, ಟೈಟನ್ ಎಂಬ ಬೃಹನ್ನೌಕೆಗಳಲ್ಲಿ 75 ಬೂದಿ. ಕಾರಣ ಗಡಿ ತಂಟೆಯಲ್ಲ, ದ್ವೇಷವೂ ಅಲ್ಲ. ಆ ಮಂಡಲದ ಒಡೆತನಕ್ಕೆ ಕಟ್ಟಬೇಕಾದ ನಿಯತ ಶುಲ್ಕ ಗಡುವಿನೊಳಗೆ ಸಂದಾಯವಾಗಲಿಲ್ಲ, ಒಡೆತನ ಜಾರಿತು, ಕಾದಿದ್ದವರು ಮುಗಿಬಿದ್ದರು. 1999ರ ‘ಹೋಮ್‌ವರ್ಲ್ಡ್’ ಇನ್ನೊಂದು ಬಗೆಯ ಸಾಕ್ಷಿ. ಅದರಲ್ಲಿ ಒಂದು ಕಾಳಗದಲ್ಲಿ ಉಳಿದ ನೌಕೆಗಳಷ್ಟೇ ಮುಂದಿನ ಕಾಳಗಕ್ಕೆ ಬರುತ್ತವೆ, ಕಳೆದುಕೊಂಡದ್ದು ಕಳೆದುಹೋಗುತ್ತದೆ. ಆ ಒಂದೇ ನಿಯಮದಿಂದ ಆಟಗಾರನಿಗೆ ಪ್ರತಿ ಪುಟ್ಟ ನೌಕೆಯ ಮೇಲೂ ಮಮತೆ ಹುಟ್ಟುತ್ತದೆ. ಕಾಪಾಡುವುದರಲ್ಲಿ ಭಯವಿದೆ, ಮಮತೆಯಿದೆ. ಗೆಲ್ಲುವುದರಲ್ಲಿ ಒಂದು ಕ್ಷಣದ ಹುರುಪು.

ದೂರದ ವಿಷಯದಲ್ಲೂ ಇದೇ ಕತೆ. ‘ಸ್ಟೆಲಾರಿಸ್’ ಶುರುವಾದಾಗ ನೌಕೆಗಳು ಮೂರು ಬಗೆಯಲ್ಲಿ ಸಂಚರಿಸಬಹುದಿತ್ತು. 2018ರಲ್ಲಿ, ಲೇಖಕಿ ಸಿ.ಜೆ. ಚೆರ್ರಿ ಅವರ ಹೆಸರಿಟ್ಟ ಆವೃತ್ತಿಯಲ್ಲಿ, ಎರಡನ್ನು ಕಿತ್ತುಹಾಕಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾಸಿದ ದಾರಿಗಳನ್ನಷ್ಟೇ ಉಳಿಸಿದರು. ಅಭಿಮಾನಿಗಳು ಸಿಟ್ಟಾದರು. ನಾನು ಆ ಬದಲಾವಣೆಯ ಪರ. ದಾರಿ ಇದ್ದಾಗಲೇ ಗಂಡಿ ಇರುತ್ತದೆ, ಗಂಡಿ ಇದ್ದಾಗಲೇ ಕೋಟೆಗೆ ಅರ್ಥ ಬರುತ್ತದೆ. ಭೀಮಗಂಡಿಯ ಬಾಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸುದ್ದಿ ಮಾತ್ರ ‘ಸ್ಟೆಲಾರಿಸ್’ನಲ್ಲಿ ಇನ್ನೂ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ, ಅದು ಸರಿಯಲ್ಲ. ಮಂಗಳ ಗ್ರಹಕ್ಕೆ ಹೋಗಲು ಬೆಳಕಿಗೇ ಮೂರರಿಂದ ಇಪ್ಪತ್ತೆರಡು ನಿಮಿಷ ಬೇಕು. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ ಇಸ್ರೊದ 32 ಮೀಟರ್ ತಟ್ಟೆಯೂ ಆ ನಿಯಮ ಮೀರಲಾರದು. ದೂರವೆಂಬುದು ರಾಜ್ಯದ ರೂಪವನ್ನೇ ಬದಲಿಸುತ್ತದೆ. ತಿಂಗಳ ಹಾದಿಯಾಚೆಗಿನ ತಂಜಾವೂರು, ಮಧುರೆಗಳನ್ನು ಹಂಪಿಯಿಂದ ದಿನದಿನ ಆಳಲಾಗದು ಎಂದೇ ನಾಯಕರು ಹುಟ್ಟಿದರು. ಭೂಮಿ ಕೊಟ್ಟು, ಪ್ರತಿಯಾಗಿ ದಂಡು ಮತ್ತು ಕಪ್ಪ ಪಡೆಯುವ ಒಪ್ಪಂದ ಅದು. ಅದೇ ನಾಯಕರು ಮುಂದೆ ಸ್ವತಂತ್ರರಾದರು. ನಂಬಿ ಒಪ್ಪಿಸುವುದು ಅನಿವಾರ್ಯ, ನಂಬಿಕೆಗೆ ಮಿತಿಯೂ ಇದೆ: ಈ ಇಕ್ಕಟ್ಟಿನಿಂದ ಹುಟ್ಟುವಷ್ಟು ಒಳ್ಳೆಯ ಆಟ ಲೇಸರ್ ಫಿರಂಗಿಯಿಂದ ಹುಟ್ಟದು.

ಇನ್ನು ಕೆಲವರು ಚರಿತ್ರೆಯನ್ನೇ ನನ್ನ ವಾದಕ್ಕೆ ಎದುರಾಗಿ ನಿಲ್ಲಿಸಬಹುದು. ವಿಜಯನಗರ ಬಿದ್ದದ್ದು ಹೂಳಿನಿಂದಲ್ಲ, ಯುದ್ಧದಿಂದ. 1565ರ ಜನವರಿಯ ಒಂದು ಹಗಲು, ರಕ್ಕಸಗಿ–ತಂಗಡಗಿಯ ಬಯಲಿನಲ್ಲಿ ರಾಮರಾಯನ ತಲೆ ಉರುಳಿತು, ರಾಜಧಾನಿ ಹಾಳಾಯಿತು. ಹಾಗಾದರೆ ಕೊನೆಗೂ ಲೆಕ್ಕಕ್ಕೆ ಬಂದದ್ದು ದಂಡೇ ಅಲ್ಲವೇ? ಬಿದ್ದದ್ದು ಯುದ್ಧದಿಂದ, ಒಪ್ಪಿದೆ. ಆದರೆ ಬಿದ್ದದ್ದೇನು, ನಿಂತದ್ದೇನು ಎಂದು ಎಣಿಸಿ ನೋಡೋಣ. ಅರಸುಮನೆತನ ಪೆನುಗೊಂಡೆಗೆ ಸರಿದು ಮುಂದೆಯೂ ಹಲವು ದಶಕ ಆಳಿತು. ಮಹಾನವಮಿ ದಿಬ್ಬದ ಮೇಲಿನ ಮರದ ಮಂಟಪಗಳು ಹೋದವು, ಕಲ್ಲು ಉಳಿಯಿತು. ಆ ಅರಸರ ಕಾಲದ ತುರ್ತಾ ಕಾಲುವೆಯಲ್ಲಿ ನೀರು ಮಾತ್ರ ಹರಿಯುತ್ತಲೇ ಹೋಯಿತು. ಅದು ಆದಿಲಶಾಹಿಯನ್ನು ಕಂಡಿತು, ಪಾಳೆಯಗಾರರನ್ನು ಕಂಡಿತು, ಹೈದರ್ ಟಿಪ್ಪು ನಿಜಾಮರನ್ನು ಕಂಡಿತು. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿ ಸರ್ಕಾರಕ್ಕೆ ಹೋದಾಗಲೂ, 1953ರಲ್ಲಿ ಮೈಸೂರು ರಾಜ್ಯ ಸೇರಿದಾಗಲೂ ಗದ್ದೆಗೆ ನೀರು ಬಿಡುವವನ ಕೆಲಸ ನಿಲ್ಲಲಿಲ್ಲ. ಅದೇ ಕಾಲದ ರಾಯ, ಬಸವಣ್ಣ ಕಾಲುವೆಗಳಿಗೆ ಇಂದು ತುಂಗಭದ್ರಾ ಜಲಾಶಯದಿಂದಲೇ ನೀರು. ರಾಮಸಾಗರ, ಕಂಪ್ಲಿಗಳ ಭತ್ತ, ಬಾಳೆ, ಕಬ್ಬಿಗೆ ಇಂದಿಗೂ ಆ ಹಳೆಯ ಕಾಲುವೆಗಳೇ ಆಸರೆ. ಆಟದಲ್ಲಿ ರಾಜಧಾನಿ ಬಿದ್ದರೆ ಪರದೆಯ ಮೇಲೆ ‘ಸೋತಿರಿ’ ಎಂಬ ಅಕ್ಷರ ಮೂಡುತ್ತದೆ. ಹಂಪಿಯಲ್ಲಿ ಸೋತವರು ಅರಸರು. ಕಾಲುವೆಯ ದಂಡೆಯವರ ಆಟ ಮುಂದುವರಿಯಿತು. ರಾಜ್ಯ ಕಟ್ಟಿದ್ದು ರಾಜ್ಯಕ್ಕಿಂತ ಹೆಚ್ಚು ಬಾಳುವುದಾದರೆ ಗೆಲುವನ್ನು ಅಳೆಯುವ ಕೋಲೇ ಬೇರೆಯಾಗಬೇಕಲ್ಲವೇ?

ಹಾಳು ಊರುಗಳನ್ನು ಚಿತ್ರಿಸುವಾಗಲೂ ಬಾಹ್ಯಾಕಾಶದ ಕತೆಗಳು ಎಡವುವುದು ಇಲ್ಲೇ. ಗೆಲಾಕ್ಸಿಯಲ್ಲಿ ಎಲ್ಲಿ ಹೋದರೂ ‘ಹಿಂದಿನವರ’ ಅವಶೇಷಗಳು ಸಿಗುತ್ತವೆ. ‘ಮಾಸ್ ಎಫೆಕ್ಟ್’ನ ಪ್ರೋಥಿಯನ್ನರು ಸತ್ತು ಐವತ್ತು ಸಾವಿರ ವರ್ಷ, ಅವರು ಬಿಟ್ಟುಹೋದ ಯಂತ್ರ ಮಾತ್ರ ಗುಂಡಿ ಒತ್ತಿದರೆ ಓಡುತ್ತದೆ. ಅವಶೇಷವೆಂದರೆ ನಿರ್ಜನ, ಅವಶೇಷವೆಂದರೆ ನಿಧಿ. ಹಂಪಿ ಹಾಗಿಲ್ಲ. ವಿರೂಪಾಕ್ಷನಿಗೆ ಪೂಜೆ ನಿಂತಿಲ್ಲ, ರಥಬೀದಿಯ ತೇರು ನಿಂತಿಲ್ಲ. ಬಜಾರಿನ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಸಂಸಾರಗಳಿದ್ದವು. 2011ರಲ್ಲಿ ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ಅವರನ್ನು ಎಬ್ಬಿಸಲಾಯಿತು. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗದಲ್ಲಿ ಕಲ್ಲನ್ನು ಉಳಿಸಬೇಕೋ ಬದುಕನ್ನೋ, ಎರಡೂ ಉಳಿಯುವುದು ಹೇಗೆ ಎಂಬ ಪ್ರಶ್ನೆ ಇನ್ನೂ ನೋಯುತ್ತಿದೆ. ಹಾಳಿನ ನಡುವೆಯೂ ಬದುಕು ಮುಂದುವರಿಯುವುದನ್ನು ಕಂಡ ಒಬ್ಬ ಕಾದಂಬರಿಕಾರನೆಂದರೆ ಐಸಾಕ್ ಅಸಿಮೋವ್. ಆತನ ‘ಫೌಂಡೇಶನ್’ ಮಾಲೆಯಲ್ಲಿ ಟ್ರಾಂಟರ್ ಎಂಬ ರಾಜಧಾನಿ ಗ್ರಹ ಪೂರ್ತಿ ಲೋಹದ ಹೊದಿಕೆಯದು, ನಾಲ್ಕು ಸಾವಿರ ಕೋಟಿ ಜನರದ್ದು. ಅದರ ಊಟ ಇಪ್ಪತ್ತು ಬೇಸಾಯದ ಲೋಕಗಳಿಂದ ದಿನವೂ ಬರಬೇಕು. ಆ ಊಟದ ದಾರಿಯೇ ಅದರ ಕುತ್ತಿಗೆ. ಗ್ರಹ ಲೂಟಿಯಾದ ಮೇಲೆ ಉಳಿದವರು ಲೋಹ ಕಿತ್ತು ಮಾರಿ, ಬಯಲಾದ ಮಣ್ಣಿನಲ್ಲಿ ಬೇಸಾಯಕ್ಕೆ ಇಳಿಯುತ್ತಾರೆ. ಕಮಲಾಪುರದ ದಾರಿಯಲ್ಲಿ ಬಾಳೆತೋಟದ ನಡುವೆ ತಲೆಯೆತ್ತಿದ ಮಂಟಪಗಳನ್ನು ಬಲ್ಲ ಓದುಗನಿಗೆ ಆ ಪುಟಗಳು ಕಲ್ಪನೆಯೆನಿಸುವುದಿಲ್ಲ. ಅಸಿಮೋವ್ ರೋಮಿನ ಪತನದ ಗಿಬ್ಬನ್ ಚರಿತ್ರೆಯನ್ನು ಮುಂದಿಟ್ಟುಕೊಂಡು ಬರೆದ. ನಮ್ಮವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಕಂಪ್ಲಿಯ ಮಾತು ಚಿಕ್ಕದು, ಆದರೆ ಬಿಡಲಾಗದ್ದು. ಯಾವ ಆಟದ ನಕ್ಷೆಯಲ್ಲಾದರೂ ಅಂದಿನ ಕಂಪ್ಲಿ, ಅಂದರೆ ಕಂಪಿಲಿ, ಒಂದೇ ನಕ್ಷತ್ರದ ಬಡ ರಾಜ್ಯ. ದಿಲ್ಲಿಯ ತುಘಲಕನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ. 1327ರಲ್ಲಿ ರಾಜ್ಯವೇ ನಾಶವಾಯಿತು. ಅಂಕಿ ನೋಡಿ ಆಡುವವನು ಇದನ್ನು ತಪ್ಪು ನಡೆ ಎನ್ನುತ್ತಾನೆ. ಆದರೆ ಒಂಬತ್ತೇ ವರ್ಷದಲ್ಲಿ, 1336ರಲ್ಲಿ, ಅದೇ ನದಿಯ ದಡದಲ್ಲಿ ವಿಜಯನಗರ ಹುಟ್ಟಿತು. ಹರಿಹರ ಬುಕ್ಕರು ಕಂಪಿಲಿಯ ಸೇವೆಯಲ್ಲಿದ್ದವರು ಎನ್ನುವ ಪರಂಪರೆಯೂ ಇದೆ. ಕಂಪಿಲರಾಯನ ಮಗ ಕುಮಾರರಾಮನ ಹೆಸರು ಸಾಂಗತ್ಯಕಾವ್ಯಗಳಲ್ಲಿ, ಜನಪದರ ಹಾಡಿನಲ್ಲಿ ಉಳಿಯಿತು. ಸೋತವನ ನೆನಪು ಮುಂದಿನವನ ಬಂಡವಾಳವಾಗುತ್ತದೆ. ಇದಕ್ಕೆ ಅಂಕಿ ಕೊಡುವುದು ಸುಲಭವಲ್ಲ. ಆದರೂ ನೆನಪಿಗೆ ಬೆಲೆಯಿಲ್ಲದ ಲೋಕದಲ್ಲಿ ಯಾವ ವಂಶವೂ ನಿಜವೆನಿಸದು.

ಕೊನೆಯ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ. ನಕ್ಷತ್ರಗಳನ್ನೇ ತಲುಪಿದ ಜನಕ್ಕೆ ಶಕ್ತಿ, ಲೋಹಗಳ ಬರ ಇರಲಾರದು. ಯಂತ್ರವನ್ನು ಯಂತ್ರವೇ ರಿಪೇರಿ ಮಾಡೀತು. ಹದಿನಾರನೇ ಶತಮಾನದ ಕೆರೆಯ ಕಷ್ಟವನ್ನು ಅವರ ತಲೆಗೆ ಕಟ್ಟುವುದೇಕೆ? ತಂತ್ರಜ್ಞಾನ ಬೆಳೆದಂತೆ ನಿರ್ವಹಣೆ ಹಗುರವಾಗುತ್ತದೆ ಎಂಬ ಊಹೆ ಇದರ ಬೆನ್ನಿಗಿದೆ. ಹೊಸಪೇಟೆಯ ಪಕ್ಕದಲ್ಲಿ ನಿಂತಿರುವ ಅಣೆಕಟ್ಟೆ ಈ ಊಹೆಯನ್ನು ಒಪ್ಪುವುದಿಲ್ಲ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಹಿಡಿದ ತುಂಗಭದ್ರೆಯ ಜಲಾಶಯಕ್ಕೆ ಮೊದಲಿದ್ದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಉಳಿದಿರುವುದು 105 ಚಿಲ್ಲರೆ. ಕೆರೆ ದೊಡ್ಡದಾದಂತೆ ಹೂಳೂ ದೊಡ್ಡದಾಯಿತು. ಊರಿನವರು ಸೇರಿ ಬೇಸಿಗೆಯಲ್ಲಿ ಎತ್ತಿ ಮುಗಿಸುವ ಹೂಳಲ್ಲ ಇದು.

2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಮೂರು ರಾಜ್ಯಗಳ ಗದ್ದೆಗಳಲ್ಲಿ ನಾಟಿಯ ಹೊತ್ತು. ಕಂಪ್ಲಿಯಿಂದ ಕೆಳಗಿನ ನದಿಪಾತ್ರದವರಿಗೆ ಪ್ರವಾಹದ ಎಚ್ಚರಿಕೆ ಹೋಯಿತು. ಹೊಸ ಗೇಟು ಕೂರಿಸಬೇಕೆಂದರೆ ನೀರಿನ ಮಟ್ಟ ಇಳಿಯುವ ತನಕ ಖಾಲಿ ಮಾಡಬೇಕು. ಖಾಲಿ ಮಾಡಿದರೆ ಆ ವರ್ಷದ ಬೆಳೆ ಇಲ್ಲ. ಹರಿಯುವ ನೀರಿನಲ್ಲೇ ಉಕ್ಕಿನ ತಡೆಪಟ್ಟಿಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು, ಒಂದರ ಮೇಲೊಂದು ಇಳಿಸುವುದು ಎರಡನೆಯ ದಾರಿ. ಕೆಟ್ಟರೆ ಇನ್ನಷ್ಟು ಕೆಡುವ ದಾರಿ ಅದು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎರಡನೆಯದನ್ನೇ ಆರಿಸಿಕೊಂಡರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೂ ಹೊಸಪೇಟೆಯ ವರ್ಕ್‌ಶಾಪ್‌ಗಳಲ್ಲೂ ಹಗಲು ರಾತ್ರಿ ಪಟ್ಟಿಗಳು ತಯಾರಾದವು. ವಾರ ತುಂಬುವುದರೊಳಗೆ, ಧುಮ್ಮಿಕ್ಕುವ ನೀರಿನ ಮೇಲೆ ಕ್ರೇನಿನಿಂದ ತೂಗಿಬಿಟ್ಟ ಮೊದಲ ಪಟ್ಟಿ ತನ್ನ ಜಾಡಿನಲ್ಲಿ ಕೂತಿತು.